ನನ್ನ ಹಳೆಯ ಶಾಲೆಯ ದಾಖಲಾತಿ ಪುಸ್ತಕ

ಕಳೆದ ಮೇ ಕೊನೆಯಲ್ಲಿ ಒಂದು ಪ್ರಮಾಣಪತ್ರಕ್ಕಾಗಿ ಬೆಂಗಳೂರಿನ ನನ್ನ ಹಳೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮುಖ್ಯ ಶಿಕ್ಷಕಿ ನೋಡಿದ ಕೂಡಲೇ, "ಬಂದೆಯಾ? ಕೂತ್ಕೊ, ನಿನಗೆ ಕಂಪ್ಯೂಟರ್ ಬರುತ್ತಲ್ಲ" ಎಂದು ದಾಖಲಾತಿ ಪುಸ್ತಕ ಮುಂದಿಟ್ಟರು. ಹೊಸ ಮಕ್ಕಳ ವಿವರವನ್ನು ಎಸ್.ಎ.ಟಿ.ಎಸ್.ಗೆ ತುಂಬಬೇಕಿತ್ತು. ಅಲ್ಲಿ ಗುಮಾಸ್ತರಿಲ್ಲ, ಎಲ್ಲವನ್ನೂ ಮೇಡಂ ಅವರೇ ಮಾಡಬೇಕು.

ಹೆಸರು, ತಂದೆ, ತಾಯಿ, ಪ್ರವರ್ಗ, ಮಾತೃಭಾಷೆ, ಹಿಂದಿನ ಶಾಲೆ. ಈ ಕೊನೆಯ ಕಾಲಂ ಓದುತ್ತಾ ಹೋದರೆ ನಗರದ ಕಟ್ಟಡಗಳನ್ನು ಯಾರು ಕಟ್ಟುತ್ತಿದ್ದಾರೆಂದು ತಿಳಿಯುತ್ತದೆ. ಶಹಾಪುರ, ದೇವದುರ್ಗ, ಕಟಿಹಾರ್, ಮುರ್ಷಿದಾಬಾದ್. ಮಾತೃಭಾಷೆಯ ಕಾಲಂನಲ್ಲಿ ನಮ್ಮಂಥವರಿಗೆ 'ಉರ್ದು' ಎಂದಿದೆ. ಮನೆಯಲ್ಲಿ ನಾವಾಡುವುದು ದಖ್ಖನಿ. ಅಮ್ಮಿಯ 'ನಕ್ಕೊ', 'ಹೌ' ಕೇಳಿದರೆ ಲಖನೌದವರು ಅದನ್ನು ಉರ್ದು ಅನ್ನುತ್ತಾರೋ ಇಲ್ಲವೋ!

ಹಳೆಯ ಪುಟ ತಿರುವಿದೆ. ನನ್ನ ಹೆಸರಿನ ಮೂರು ಸಾಲು ಕೆಳಗೆ ನನ್ನ ಬೆಂಚಿನವನ ಹೆಸರು, ಮುಂದೆ ಕೆಂಪು ಶಾಯಿಯಲ್ಲಿ 'ದೀರ್ಘ ಗೈರು'. ಯಾದಗಿರಿ ಕಡೆಯವನು. ಆರನೇ ತರಗತಿಯಲ್ಲಿ ಒಂದು ಸೋಮವಾರದಿಂದ ಬರಲಿಲ್ಲ. ಕಿಟಕಿ ಪಕ್ಕದ ಜಾಗ ಸಿಕ್ಕಿತೆಂದು ನನಗೆ ಖುಷಿಯಾಗಿತ್ತು. ಅವನೆಲ್ಲಿ ಹೋದ ಎಂದು ನಾನು ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ದೇವದುರ್ಗದ ಹೆಂಗಸೊಬ್ಬರು ಮಗಳೊಂದಿಗೆ ಬಂದರು. ಹುಡುಗಿಗೆ ಹನ್ನೊಂದು ವರ್ಷ, ಓದಿದ್ದು ನಾಲ್ಕರವರೆಗೆ, ಸೊಂಟದ ಮೇಲೆ ಮೂರು ವರ್ಷದ ತಮ್ಮ. "ಟಿ.ಸಿ. ತರಾಕ ಆಗಿಲ್ರಿ" ಎಂದರು ತಾಯಿ.

"ಆಮೇಲೆ ತರಿಸೋಣ" ಎಂದು ಮೇಡಂ ಆರನೇ ತರಗತಿಗೆ ಬರೆದುಕೊಂಡರು. ನನಗೆ ಆಶ್ಚರ್ಯವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದು ಅವರೇ ವಿವರಿಸಿದರು. ಆಮೇಲೆ ಮೆಲ್ಲಗೆ, "ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು. ಲೆಕ್ಕ ಇಳಿದರೆ ನಮ್ಮಲ್ಲೊಬ್ಬರು 'ಹೆಚ್ಚುವರಿ' ಆಗಿ ಬೇರೆ ಶಾಲೆಗೆ ಹೋಗ್ಬೇಕು ಕಣೋ" ಎಂದು ನಕ್ಕರು. ಅವರ ಈ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

"ಇವನ್ನೂ ಕರ್ಕೊಂಡು ಬರ್ಲೇನ್ರಿ?" ಹುಡುಗಿ ಮೊದಲ ಬಾರಿ ಬಾಯಿ ತೆರೆದಳು.

"ಪಕ್ಕದಲ್ಲೇ ಅಂಗನವಾಡಿ ಇದೆ. ಅವನನ್ನು ಅಲ್ಲಿ ಬಿಟ್ಟು ನೀನು ಇಲ್ಲಿ ಬಾ."

ಎಷ್ಟು ದಿನ ಇಲ್ಲಿರುತ್ತೀರಿ ಎಂದರೆ, "ಕೆಲ್ಸ ಇರೋತನ ಇರ್ತೀವ್ರಿ" ಎಂದರು ತಾಯಿ. ಅವರ ಬಳಿ ಫೋನ್ ಇರಲಿಲ್ಲ, ಮೇಸ್ತ್ರಿಯ ನಂಬರ್ ಕೊಟ್ಟರು. ನಾನು ಟೈಪ್ ಮಾಡಿದೆ. ಮೇಡಂ ಅದನ್ನು ಚೀಟಿಯಲ್ಲೂ ಬರೆದು ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಅಲ್ಲಿ ಆಗಲೇ ಹತ್ತು ಹನ್ನೆರಡು ಚೀಟಿಗಳಿದ್ದವು. ಮಗು ಎರಡು ದಿನ ಬಾರದಿದ್ದರೆ ಆ ನಂಬರಿಗೆ ಫೋನ್ ಮಾಡುತ್ತಾರಂತೆ.

ನನ್ನ ಪ್ರಮಾಣಪತ್ರದ ವಿಷಯ ಇಬ್ಬರಿಗೂ ಮರೆತೇಹೋಗಿತ್ತು. ಮರುದಿನ ಮತ್ತೆ ಹೋದೆ. ಹುಡುಗಿ ಬಂದಿದ್ದಳು, ಕಿಟಕಿ ಪಕ್ಕ ಕೂತಿದ್ದಳು.