ಕಾಲುನೋವು

ತಲೆನೋವಿಗೆ ಇರುವ ಮರ್ಯಾದೆ ಕಾಲುನೋವಿಗಿಲ್ಲ. ತಲೆನೋವೆಂದರೆ ಓದಿದವನು, ಚಿಂತೆಯುಳ್ಳವನು ಎಂದು ಜನ ಭಾವಿಸುತ್ತಾರೆ. ಕಾಲುನೋವೆಂದರೆ ‘ಎಲ್ಲಿ ಎಡವಿದ್ಯೋ?’ ಎನ್ನುತ್ತಾರೆ. ನಾನು ಎಲ್ಲಿಯೂ ಎಡವಿರಲಿಲ್ಲ. ಬಿದ್ದು ಗಾಯವಾಗಿದ್ದರೆ ತೋರಿಸಲಾದರೂ ಒಂದು ಪಟ್ಟಿ ಇರುತ್ತಿತ್ತು. ನನಗೆ ಬಂದದ್ದು ಕಣಕಾಲಿನ ಮೂಳೆಯ ಒಳಅಂಚಿನಲ್ಲಿ, ಹೊರಗೆ ಏನೂ ಕಾಣಿಸದ ನೋವು. ಮೊದಮೊದಲು ಓಟದ ಆರಂಭದಲ್ಲಿ ಕಾಣಿಸಿಕೊಂಡು, ಮೈ ಬಿಸಿಯಾದಂತೆ ಮರೆಯಾಗಿ, ರಾತ್ರಿ ಮತ್ತೆ ಬಂದು ಪಕ್ಕದಲ್ಲಿ ಮಲಗುತ್ತಿತ್ತು. ಬರುಬರುತ್ತ ಹಾಸಿಗೆಯಿಂದ ಬಚ್ಚಲಿಗೆ ನಡೆಯುವಷ್ಟರಲ್ಲೇ ತನ್ನ ಇರವನ್ನು ಸಾರತೊಡಗಿತು.

ನಮ್ಮ ಸಿಂಧನೂರಿನ ನೆಲದ ಗುಣವನ್ನು ಇಲ್ಲಿ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗದ್ದೆಗಳಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು; ನೀರು ಕಾಣದ ಎರೆಹೊಲ ಬೇಸಗೆಯಲ್ಲಿ ಬಿರುಕುಬಿಟ್ಟು ಕಲ್ಲಾಗುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಬೂಟಿಗೆ ಅಂಟಿ, ಒಂದೊಂದು ಕಾಲೂ ಎರಡು ಸೇರು ಹೆಚ್ಚು ತೂಗುತ್ತದೆ. ಉಳಿದದ್ದು ಡಾಂಬರು ರಸ್ತೆ. ನಸುಕಿನಲ್ಲಿ ಮಸ್ಕಿ ರಸ್ತೆಗೆ ಬಂದು ನೋಡಿದರೆ ಓಡುವ ಹುಡುಗರ ಸಾಲೇ ಕಾಣುತ್ತದೆ. ಬಹುಮಂದಿ ಪದಕಕ್ಕಾಗಿ ಓಡುವವರಲ್ಲ, ಪೊಲೀಸ್ ನೇಮಕಾತಿಗಾಗಿ ಓಡುವವರು. ಅಲ್ಲಿ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅವರಲ್ಲಿ ಎಷ್ಟೋ ಜನರಿಗೆ ನನ್ನದೇ ನೋವಿದೆ. ಯಾರೂ ಬಾಯಿಬಿಡುವುದಿಲ್ಲ. ಹೇಳಿದರೆ ಮನೆಯಲ್ಲಿ ಓಟ ನಿಲ್ಲಿಸುತ್ತಾರೆ, ಓಟ ನಿಂತರೆ ನೌಕರಿಯ ಆಸೆ ನಿಲ್ಲುತ್ತದೆ.

ನಾನು ಮನೆಯಲ್ಲಿ ಹೇಳಿದೆ. ಅವ್ವ ಅರಿಶಿನ ಸುಣ್ಣ ಕಲಸಿ ಹಚ್ಚಿದಳು, ಉಪ್ಪಿನ ಶಾಖ ಕೊಟ್ಟಳು. ಕೊಡುತ್ತಲೇ, “ಓದಾಕ ಕಳಿಸಿದ್ರ ಓಡಾಕ ಕಲಿತು ಬಂದಿ” ಎಂದಳು. ಓಣಿಯಲ್ಲಿ ಕಾಲು ಮುಂದಾಗಿ ಹುಟ್ಟಿದ ಅಜ್ಜನೊಬ್ಬನಿದ್ದಾನೆ. ಅಂಥವರ ಪಾದ ತಗುಲಿದರೆ ಉಳುಕು ಹೋಗುತ್ತದೆಂದು ನಮ್ಮಲ್ಲಿ ನಂಬಿಕೆ. ಅಜ್ಜ ಬಹು ಗಂಭೀರವಾಗಿ ಮೂರು ಸಲ ಒದ್ದ. ನೋವು ಹೋಗಲಿಲ್ಲ, ಅದು ಉಳುಕಲ್ಲವೆಂದಾದರೂ ಖಚಿತವಾಯಿತು. ಅಪ್ಪ ಮಾತ್ರ ಔಷಧದ ಮಾತೆತ್ತಲಿಲ್ಲ. “ಕುಂಟ ಎತ್ತಿಗೆ ನೊಗ ಹೂಡಂಗಿಲ್ಲ. ನೆಳ್ಳಾಗ ಕಟ್ಟಿ ಹುಲ್ಲು ಹಾಕ್ತೀವಿ. ನಿನಗೂ ಅಷ್ಟ” ಎಂದ. ಕಾರಹುಣ್ಣಿಮೆಯ ಕರಿ ಹರಿಯುವ ಓಟಕ್ಕೆ ಎತ್ತುಗಳನ್ನು ಸಾಕಿ ಅನುಭವವಿದ್ದವನ ಮಾತು.

ಲಿಂಗಸುಗೂರಿನ ಡಾಕ್ಟರೊಬ್ಬರು ಹೆಬ್ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತುತ್ತ ಬಂದು ಹೇಳಿದ್ದಕ್ಕೂ ಅಪ್ಪನ ಮಾತಿಗೂ ಹೆಚ್ಚು ಅಂತರವಿರಲಿಲ್ಲ. ಗೇಣುದ್ದ ಹರಡಿದ ನೋವಾದರೆ ಮೂಳೆಯ ಹೊದಿಕೆ ಬಳಲಿದೆ. ಬೆರಳ ತುದಿಯಷ್ಟು ಜಾಗದಲ್ಲೇ ಚುಚ್ಚಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಅಂಥ ಬಿರುಕು ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಓಡಿದಾಗ ಪೆಟ್ಟು ತಿಂದ ಮೂಳೆ ವಿಶ್ರಾಂತಿಯಲ್ಲಿ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆಯಂತೆ; ಕಟ್ಟುವುದಕ್ಕಿಂತ ಕೆಡವುವುದು ಬೇಗನೆ ನಡೆದರೆ ನೋವು. ನನ್ನದು ಗೇಣುದ್ದದ ನೋವು. ಆರು ವಾರ ಓಟವಿಲ್ಲ, ಸೈಕಲ್ ತುಳಿಯಬಹುದು ಎಂದರು.

ಅಂತರ ಕಾಲೇಜು ಕ್ರೀಡಾಕೂಟಕ್ಕೆ ಇದ್ದುದು ಐದು ವಾರ! ಅಂತಿಮ ವರ್ಷದವನಿಗೆ ಮುಂದಿನ ಸಲ ಎಂಬುದಿಲ್ಲ. ನಮ್ಮ ಮನೆಯಲ್ಲಿ ಪದವಿ ತರಗತಿಗೆ ಬಂದವನು ನಾನೊಬ್ಬನೇ. ತರಗತಿಯಲ್ಲಿ ಹಿಂದಿನ ಬೆಂಚಿನವನಾದ ನನ್ನನ್ನು ಅಧ್ಯಾಪಕರು ಹೆಸರು ಹಿಡಿದು ಕರೆಯತೊಡಗಿದ್ದು 1500 ಮೀಟರಿನ ಓಟ ಗೆದ್ದ ಮೇಲೆ. ಓಡದಿದ್ದರೆ ನಾನು ಯಾರು ಎಂಬ ಪ್ರಶ್ನೆ ಆ ಆರು ವಾರ ನೋವಿಗಿಂತ ಹೆಚ್ಚು ಕಾಡಿತು.

ಗೆಳೆಯರು ಡೆರೆಕ್ ರೆಡ್ಮಂಡ್‌ನ ಕಥೆ ಹೇಳಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ 400 ಮೀಟರ್ ಸೆಮಿಫೈನಲಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದು, ತಂದೆಯ ಹೆಗಲಿಗೊರಗಿ ಕುಂಟುತ್ತ ಗುರಿ ಮುಟ್ಟಿದವನು. ಚಿತ್ರ ನೋಡಿದರೆ ಕಣ್ಣು ತುಂಬುತ್ತದೆ, ನಿಜ. ಆದರೆ ನನಗೆ ಬೇಕಾದ ರೆಡ್ಮಂಡ್ ಬೇರೆ. 1988ರ ಸಿಯೋಲ್‌ನಲ್ಲಿ ಹಿಮ್ಮಡಿಯ ನರದ ನೋವಿನಿಂದ ಓಟ ಆರಂಭವಾಗುವ ಮೊದಲೇ ಹಿಂದೆ ಸರಿದು, ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, 1991ರಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಶಿಪ್ಪಿನ 4×400 ಮೀಟರ್ ರಿಲೇಯಲ್ಲಿ ಬ್ರಿಟನ್ನಿನ ತಂಡದೊಂದಿಗೆ ಚಿನ್ನ ಗೆದ್ದವನು. ನಡುವಿನ ಆ ವರ್ಷಗಳ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ.

ನಮ್ಮ ನಾಡಿನವರೇ ಆದ ಕಂಬಳದ ಶ್ರೀನಿವಾಸ ಗೌಡರದೂ ನೆನಪಾಗುತ್ತದೆ. 2020ರಲ್ಲಿ ಅವರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಬೋಲ್ಟ್‌ನ ಹೆಸರು ಹೇಳಿತು, ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆಯಿತು. ಅವರು ಕಾಲಿಗೆ ಪೆಟ್ಟಾಗಿದೆ, ತಾನು ಕೆಸರುಗದ್ದೆಯಲ್ಲಿ ಓಡಿ ರೂಢಿಯಾದವನು ಎಂದು ಹೇಳಿ ಹೋಗಲಿಲ್ಲ. ಅದನ್ನು ನೆಪವೆಂದು ತಿಳಿಯುವವರು ಒಮ್ಮೆ ಗದ್ದೆಯಲ್ಲಿ ಓಡಿ, ಮರುದಿನ ಡಾಂಬರಿನ ಮೇಲೆ ಓಡಿ ನೋಡಲಿ. ನೆಲ ಬದಲಾದರೆ ಕಾಲೂ ಬೇರೆಯಾಗಬೇಕಾಗುತ್ತದೆ.

ರಜೆಯ ದಿನಗಳಲ್ಲಿ ಸೈಕಲ್ ಹತ್ತಿ ಮಸ್ಕಿಗೆ ಹೋಗುತ್ತಿದ್ದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರರಿಗೆ ಸಿಕ್ಕ ಅಶೋಕನ ಶಾಸನ ಅಲ್ಲಿದೆ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರಿನಿಂದ ಗೊತ್ತಾದದ್ದು ಅದರಿಂದ. ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಿಂತ ಸಣ್ಣವನಿಗೂ ಗುರಿ ಸಿಗಬಲ್ಲದೆಂದು ಅದರಲ್ಲಿ ಚಕ್ರವರ್ತಿ ಹೇಳಿಸಿದ್ದಾನೆ. ಕಣಕಾಲಿನ ವಿಷಯ ಹೇಳಿಲ್ಲ.

ಕ್ರೀಡಾಕೂಟದ ದಿನ ನಾನು ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ನನ್ನ ಬದಲು ಓಡಿದ ಪ್ರಥಮ ವರ್ಷದ ಹುಡುಗ ನಾಲ್ಕನೆಯವನಾಗಿ ಬಂದ. ಪ್ರತಿ ಸುತ್ತಿನ ಸಮಯವನ್ನು ಕೂಗಿ ಹೇಳಿ ನನ್ನ ಗಂಟಲು ಕಟ್ಟಿತ್ತು. ನಾನಿದ್ದರೆ ಗೆಲ್ಲುತ್ತಿದ್ದೆ ಎಂಬ ಯೋಚನೆ ಬಂದಿತು, ಬರಲಿಲ್ಲವೆಂದರೆ ಸುಳ್ಳಾದೀತು. ಹುಡುಗ ಬಂದು, “ಅಣ್ಣ, ಮೂರನೇ ಸುತ್ತಿನಾಗ ನಿಂದಾಸೆ” ಎಂದ. ಅವನ ಬೆನ್ನು ತಟ್ಟಿ ನೀರು ಕೊಟ್ಟೆ.

ಆರನೆಯ ವಾರದ ಮೇಲೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ ಎಂದು ಕಾಲುವೆ ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಆರಂಭಿಸಿದೆ. ಎಮ್ಮೆಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಈಗ ಹನ್ನೆರಡು ನಿಮಿಷ ನಿಲ್ಲದೆ ಓಡುತ್ತೇನೆ, ವಾರಕ್ಕೆ ನಾಲ್ಕು ದಿನ. ಬೆಳಿಗ್ಗೆ ಎದ್ದೊಡನೆ ಹೆಬ್ಬೆರಳಿನಿಂದ ಮೂಳೆಯನ್ನು ಒತ್ತಿ ನೋಡುತ್ತೇನೆ. ನೋವಿದ್ದರೆ ಆ ದಿನ ಸೈಕಲ್.