‘ಇಲ್ಲ’ ಎನ್ನುವ ಮುನ್ನ

ಕೆಟ್ಟ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ಇಣುಕಲು ಡೀಬಗರ್ ಬೇಕು. ನಾವಿಟ್ಟ ಹೆಸರುಗಳನ್ನು ಕಂಪೈಲರ್ ಅದಕ್ಕಾಗಿ ‘ಡ್ವಾರ್ಫ್’ ಎಂಬ ಮಾದರಿಯಲ್ಲಿ ಬರೆದಿಡುತ್ತದೆ. ದೊಡ್ಡ ಪ್ರೋಗ್ರಾಮಿನಲ್ಲಿ ಅಂಥ ಹೆಸರುಗಳು ಲಕ್ಷಗಟ್ಟಲೆ. ಒಂದು ಫಂಕ್ಷನ್ನಿಗಾಗಿ ಅಷ್ಟನ್ನೂ ಓದುತ್ತ ಕೂತರೆ ನನ್ನ ಮೇಜಿನ ಚಾ ತಣ್ಣಗಾಗುತ್ತದೆ. ಅದಕ್ಕೇ ಸೂಚಿ.

ಮಂಗಳೂರಿನವನಾದ ನನಗೆ ಸೂಚಿ ಎಂದೊಡನೆ ನೆನಪಾಗುವುದು 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲ್ ನಿಘಂಟು. ಸುಮಾರು 70,000 ಪದಗಳಿದ್ದರೂ ಅಕಾರಾದಿಯ ದಾರಿ ಹಿಡಿದರೆ ಬೇಕಾದ ಪುಟ ಬೇಗ ಸಿಗುತ್ತದೆ. ಡೀಬಗರಿನದು ಬೇರೆ ದಾರಿ: ಹೆಸರಿನ ಅಕ್ಷರಗಳಿಂದ ಒಂದು ಸಂಖ್ಯೆ ಲೆಕ್ಕಹಾಕಿ, ಆ ಸಂಖ್ಯೆಯ ಗೂಡಿನಲ್ಲಷ್ಟೇ ಹುಡುಕುತ್ತದೆ.

ಆದರೆ ನನ್ನನ್ನು ಕಾಡುವುದು ವೇಗವಲ್ಲ. ಡ್ವಾರ್ಫಿನ ಹಳೆಯ ಸೂಚಿಯಲ್ಲಿ ಎಲ್ಲ ಕಡತಗಳಿಗೂ ಕಾಣುವ ಹೆಸರುಗಳಷ್ಟೇ ಇರಬೇಕಿತ್ತು. ಒಂದೇ ಕಡತದೊಳಗೆ ದುಡಿಯುವ ಸ್ಟ್ಯಾಟಿಕ್ ಫಂಕ್ಷನ್‌ಗಳಿಗೆ ಜಾಗವಿರಲಿಲ್ಲ. ಸೂಚಿಯಲ್ಲಿಲ್ಲದ್ದು ಪ್ರೋಗ್ರಾಮಿನಲ್ಲೂ ಇಲ್ಲ ಎನ್ನುವಂತಿರಲಿಲ್ಲ. ಡೀಬಗರ್ ಮತ್ತೆ ಎಲ್ಲವನ್ನೂ ಓದಬೇಕಿತ್ತು. 2017ರ ಐದನೆಯ ಆವೃತ್ತಿಯ ಹೊಸ ಸೂಚಿ ಇಂಥ ಹೆಸರುಗಳನ್ನೂ ಸೇರಿಸಲೇಬೇಕೆಂದಿತು.

ನಿಘಂಟಿನಲ್ಲಿ ಸಿಗದ ಮಾತು ಯಾವುದೋ ಅಜ್ಜಿಯ ಬಾಯಲ್ಲಿ ಬದುಕಿರಬಹುದು. ಅದು ಗೊತ್ತಿರುವುದರಿಂದಲೇ ನಾವು ‘ಅಂಥ ಪದವೇ ಇಲ್ಲ’ ಎನ್ನಲು ಹಿಂಜರಿಯುತ್ತೇವೆ. ಸೂಚಿಯನ್ನು ನಂಬಿದ ಡೀಬಗರಿಗೆ ಆ ಹಿಂಜರಿಕೆಯಿಲ್ಲ. ನಿಸ್ಸಂಕೋಚವಾಗಿ ‘ಇಲ್ಲ’ ಅನ್ನುತ್ತದೆ. ಹಾಗಾಗಿ ಸೂಚಿ ಬರೆಯುವವರ ಹೊಣೆ ದೊಡ್ಡದು. ‘ಇದೆ’ ಎನ್ನಲು ಒಂದು ಹೆಸರು ಸಿಕ್ಕರೆ ಸಾಕು. ‘ಇಲ್ಲ’ ಎನ್ನಬೇಕಾದರೆ ಯಾರನ್ನೂ ಬಿಡದೆ ಎಣಿಸಿರಬೇಕು.