ಮೇಲಿನ ಬೆಂಕಿ

ಪಾತ್ರೆ ತಿಕ್ಕಲು ಬರುವಾಕೆ ಇವತ್ತು ಬೆಳಿಗ್ಗೆ ಎಲ್ಲವನ್ನೂ ತೊಳೆದು ಬೋರಲು ಹಾಕಿ, ಒಂದು ಡಬರಿಯನ್ನು ಮಾತ್ರ ಬಚ್ಚಲ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದಳು. ಪಂಚನಾಮೆಗೆ ಬೇಕಾಗುತ್ತದೆಂದು ತೆಗೆದಿಟ್ಟ ಸಾಕ್ಷಿಯ ಹಾಗಿತ್ತು ಅದು. ನಿನ್ನೆ ರಾತ್ರಿ ಪಾಸ್ತಾ ಬೇಕ್ ಮಾಡಿದ ಡಬರಿ. ಅದರ ಅಂಚಿನ ಸುತ್ತ ಚೀಸು, ಹಾಲು, ಮೈದಾ ಮೂರೂ ಕೂಡಿಕೊಂಡು ಕಂದುಬಣ್ಣದ ಒಂದು ಪಟ್ಟಿ ಕಟ್ಟಿದ್ದವು. ಉಗುರಿಗೂ ಜಗ್ಗದು, ಉಕ್ಕಿನ ಸ್ಕ್ರಬ್ಬರಿಗೂ ಜಗ್ಗದು. ಆಕೆ ಹೊರಡುವಾಗ ಅಡುಗೆಮನೆಯ ಬಾಗಿಲಿಗೆ ನಿಂತು ಕೇಳಿದಳು, "ಅಕ್ಕಾರ, ಇದರಾಗ ಸೇಡಂ ಫ್ಯಾಕ್ಟರಿ ಮಾಲ್ ಏನರ ಕಲಸಿದ್ರೇನ್ರಿ?"

ಸಿಟ್ಟು ಬಂತು. ಆದರೆ ಆಕೆಯ ತಮ್ಮ ಸೇಡಂನಲ್ಲೇ ಸಿಮೆಂಟ್ ಚೀಲ ಲೋಡ್ ಮಾಡುವವನು. ಮನೆತನದ ಅನುಭವದಿಂದ ಬಂದ ಮಾತಿಗೆ ಎದುರು ಹೇಳುವುದಾದರೂ ಏನು? ಅಲ್ಲದೆ ಇದೇ ಪಟ್ಟಿಗಾಗಿಯೇ ರಾತ್ರಿ ನನ್ನ ಮಕ್ಕಳಿಬ್ಬರೂ ಚಮಚ ಹಿಡಿದು ಹೊಡೆದಾಡಿದ್ದರು. ರಾತ್ರಿ ಒಂಬತ್ತಕ್ಕೆ ಅಷ್ಟು ಮರ್ಯಾದೆ ಇದ್ದ ವಸ್ತು ಬೆಳಿಗ್ಗೆ ಏಳಕ್ಕೆ ಸಿಮೆಂಟಾಗುವುದೆಂದರೆ ಏನು ನ್ಯಾಯ! ಡಬರಿಗೆ ಬಿಸಿನೀರು, ಅಡುಗೆಸೋಡಾ ಹಾಕಿ ನೆನೆಯಲು ಬಿಟ್ಟೆ. ತಲೆಯೂ ಅದರ ಜೊತೆಗೇ ನೆನೆಯುತ್ತ ಕೂತಿತು.

ಮಾಡುವ ರೀತಿಯಲ್ಲಿ ಹೇಳುವಂಥದ್ದು ಏನೂ ಇಲ್ಲ. ಪಾಸ್ತಾ ಕುದಿಸುವುದು ಪ್ಯಾಕೆಟ್ಟಿನ ಮೇಲೇ ಬರೆದಿರುತ್ತದೆ. ಆಮೇಲೆ ಸಾಸಿನಲ್ಲಿ ಮತ್ತೆ ಬೇಯುವುದರಿಂದ ಎರಡು ನಿಮಿಷ ಮೊದಲೇ ಇಳಿಸಿದರಾಯಿತು. ಟೊಮೆಟೊ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಖಾರಪುಡಿಯ ಗೊಜ್ಜು ಯಾರಿಗೆ ಬರುವುದಿಲ್ಲ? ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸುರಿದರೆ ಬಿಳಿ ಸಾಸು. ಎಲ್ಲ ಬೆರೆಸಿ, ಮೇಲೆ ಚೀಸು ತುರಿದು, ಬೆಂಕಿಗೆ ಒಪ್ಪಿಸುವುದು. ಚಿಂಚೋಳಿ ಪಕ್ಕದ ನಮ್ಮ ಚಂದಾಪುರದ ಅಂಗಡಿಯಲ್ಲಿ ಸಿಗುವುದು ಚೀಸ್ ಕ್ಯೂಬ್. ಅದು ನುಣ್ಣಗೆ ಕರಗುತ್ತದೆ, ಆದರೆ ಎಳೆ ಎಳೆಯಾಗಿ ಬರುವುದಿಲ್ಲ. ಎಳೆ ಬೇಕೆನ್ನುವವರು ಎಂಬತ್ತು ಕಿಲೋಮೀಟರ್ ದಾಟಿ ಕಲಬುರಗಿಗೆ ಹೋಗಿ ಮೊಝರೆಲ್ಲಾ ತರಬೇಕು, ಬಸ್ಸಿನಲ್ಲಿ ಅದು ಹಾಳಾಗದಂತೆ ಕಾಯಬೇಕು. ವಾರದ ನಡುವಿನ ಊಟಕ್ಕೆ ಅಷ್ಟು ತಪಸ್ಸು ಯಾರು ಮಾಡುತ್ತಾರೆ?

ನನಗೆ ಈ ಅಡುಗೆ ಹಿಡಿಸಿದ್ದು ರುಚಿಗಲ್ಲ. ರೊಟ್ಟಿಯ ಮನೆಯಲ್ಲಿ ಹುಟ್ಟಿ ರೊಟ್ಟಿಯ ಮನೆಗೇ ಬಂದವಳು ನಾನು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಒಂದು ಹದಕ್ಕೆ ಬರುತ್ತದೆ, ಆ ಹದ ಆರುವ ಮುಂಚೆ ಬಡಿಯಬೇಕು. ಬಡಿದದ್ದನ್ನು ಹಂಚಿಗೆ ಹಾಕಿ, ನೀರು ಸವರಿ, ಹೊರಳಿಸಿ, ಉಬ್ಬಿಸಿ ತೆಗೆಯುವಷ್ಟರಲ್ಲಿ ಇನ್ನೊಂದು ಬಡಿದಿರಬೇಕು. ಒಂದೊಂದೂ ಬಿಸಿಬಿಸಿ ಗಂಗಾಳಕ್ಕೆ ಬೀಳಬೇಕು. ಎಲ್ಲರೂ ಉಂಡೆದ್ದ ಮೇಲೆ ಬಡಿದವಳು ಕೂರಬೇಕು, ಆಗ ಅವಳಿಗೆ ಉಳಿದಿರುವುದು ಆರಿದ ಎರಡು. ಬೇಕ್ ಮಾಡುವ ಅಡುಗೆಯಲ್ಲಿ ಹಾಗಿಲ್ಲ. ಒಳಗೆ ಇಟ್ಟು ಕದ ಹಾಕಿದರೆ ಮುಗಿಯಿತು. ಅರ್ಧ ತಾಸು ಕುರ್ಚಿಯಲ್ಲಿ ಕೂತು ಪೇಪರ್ ಓದಬಹುದು. ಡಬರಿ ಬಂದಾಗ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನಾನೂ.

ಅತ್ತೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ಅಡಗಿ ಮಾಡಲಾಕ ಹತ್ಯಾಳ, ಪೇಪರ್ ಓದಲಾಕ ಹತ್ಯಾಳ, ಎರಡೂ ಒಮ್ಮೆಲೆ ಹ್ಯಾಂಗ ಆಗ್ತಾವ?" ಎಂದು ಗೋಡೆಗೆ ಹೇಳಿದರು. ಗೋಡೆಯೂ ನಾನೂ ಸುಮ್ಮನಿದ್ದೆವು.

ಒಳಗೆ ಇಟ್ಟು ಕದ ಹಾಕುವುದು ಎಂದೆನಲ್ಲ, ನಮ್ಮಲ್ಲಿ ಕದವೂ ಇಲ್ಲ, ಒಳಗೂ ಇಲ್ಲ, ಓವನ್ನೇ ಇಲ್ಲ. ಮೂರು ಒಲೆಯ ಗ್ಯಾಸು, ಐದು ಲೀಟರಿನ ಕುಕ್ಕರು. ಕುಕ್ಕರಿನ ಗ್ಯಾಸ್ಕೆಟ್ಟು, ಸೀಟಿ ತೆಗೆದು, ತಳಕ್ಕೆ ದಪ್ಪ ಉಪ್ಪು ಹಾಸಿ, ಹತ್ತು ನಿಮಿಷ ಕಾಯಿಸಿ, ಒಂದು ಸ್ಟ್ಯಾಂಡಿನ ಮೇಲೆ ಡಬರಿ ಇಟ್ಟು ಸಣ್ಣ ಉರಿಯಲ್ಲಿ ಬಿಡುವ ಪದ್ಧತಿ ಮಗಳು ಎಲ್ಲಿಂದಲೋ ಕಲಿತು ತಂದಳು. ಬೇಯುವುದು ಚೆನ್ನಾಗಿಯೇ ಬೇಯುತ್ತದೆ, ಮೇಲೆ ಮಾತ್ರ ಕಂದಾಗುವುದಿಲ್ಲ. ಕಾರಣ ಸರಳ. ಕಂದಾಗಬೇಕಾದರೆ ಮೇಲ್ಮೈ ಒಣಗಿ 140 ಡಿಗ್ರಿಯನ್ನಾದರೂ ದಾಟಬೇಕು. ಕುಕ್ಕರಿನಲ್ಲಿ ಹಬೆ ಎದ್ದು ಮುಚ್ಚಳಕ್ಕೆ ತಾಗಿ, ಹನಿಯಾಗಿ, ಚೀಸಿನ ಮೇಲೆಯೇ ತಿರುಗಿ ಬೀಳುತ್ತದೆ. ನೀರು ಇರುವಷ್ಟು ಹೊತ್ತು ನೂರರ ಹೊಸ್ತಿಲು ದಾಟಲು ಅದು ಬಿಡುವುದಿಲ್ಲ. ಬೆಳ್ಳಗೆ, ಬೆವರುತ್ತ ಕೂತ ಆ ಡಬರಿಯನ್ನು ಇಣುಕಿ ನೋಡಿದ ಅತ್ತೆ ಹೇಳಿದರು, "ಕೆಳಗ ಉರಿ ಹಚ್ಚೀದಿ, ಮ್ಯಾಲ ಯಾರು ಹಚ್ಚಬೇಕು?"

ಅಲ್ಲಿಂದ ಶುರುವಾದದ್ದು ನನ್ನ ಈ ಹುಚ್ಚು. ನಮ್ಮ ಅಡುಗೆಯ ಬೆಂಕಿಯೆಲ್ಲ ಕೆಳಗಿನದು. ಹಂಚು, ಬಾಣಲೆ, ಗಡಿಗೆ ಎಲ್ಲವೂ ಬೆಂಕಿಯ ಮೇಲೆ ಕೂರುತ್ತವೆ. ಮೇಲಿನಿಂದ ಬೆಂಕಿ ಬೇಕೆಂದರೆ ನಾವು ಪದಾರ್ಥವನ್ನೇ ಹೊರಳಿಸಿಬಿಡುತ್ತೇವೆ, ಬೆಂಕಿಯನ್ನು ಎತ್ತುವ ಗೋಜಿಗೆ ಹೋಗುವುದಿಲ್ಲ. ರೊಟ್ಟಿ, ದೋಸೆ, ಪಡ್ಡು ಎಲ್ಲ ಹೊರಳುವವೇ. ಹೊರಳಿಸಲಾಗದ ಪದಾರ್ಥವನ್ನು ನಮ್ಮ ಮನೆಯ ಅಡುಗೆ ಹತ್ತಿರಕ್ಕೇ ಸೇರಿಸಿಲ್ಲ ಎಂದು ಗಂಡನ ಮುಂದೆ ಭಾಷಣ ಮಾಡಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, "ದಮ್ ಬಿರ್ಯಾನಿಗೆ ಮುಚ್ಚಳದ ಮ್ಯಾಲ ಕೆಂಡ ಹಾಕ್ತಾರಲ್ಲ" ಎಂದರು. ಮದುವೆಯ ದೇಗಿನ ಬಾಯಿಗೆ ಕಣಕ ಮೆತ್ತಿ, ಮೇಲೆ ನಿಗಿನಿಗಿ ಕೆಂಡ ಸುರಿಯುವುದನ್ನು ಕಲಬುರಗಿಯ ಕಡೆಯವರಲ್ಲಿ ಯಾರು ನೋಡಿಲ್ಲ? 1948ರವರೆಗೆ ನಿಜಾಮನ ಕೈಯಲ್ಲಿದ್ದ ಸೀಮೆ ಇದು. ಭಾಷಣಕ್ಕೆ ಅಲ್ಲಿಗೇ ತೂತು ಬಿತ್ತು.

ತೂತು ಮುಚ್ಚಲು ಹಳೆಯ ಪುಸ್ತಕಕ್ಕೆ ಮೊರೆಹೋದೆ. ಹತ್ತಿರದ ಮಳಖೇಡದಲ್ಲೇ 'ಕವಿರಾಜಮಾರ್ಗ' ಹುಟ್ಟಿತೆಂದು ನಮಗೆ ಬಲು ಹೆಮ್ಮೆ. ಆದರೆ ಅದು ಕಾವ್ಯಕ್ಕೆ ಮಾರ್ಗ, ಹೊಟ್ಟೆಗಲ್ಲ. ನೃಪತುಂಗನ ಆಸ್ಥಾನದಲ್ಲಿ ರಾತ್ರಿ ಏನು ಉಣ್ಣುತ್ತಿದ್ದರೆಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಅಡುಗೆಗೆ 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ' ಬೇಕು. ಜ್ಯೋತಿಷ, ತೋಟ, ಜಲಶೋಧನೆಯ ಜೊತೆಗೆ ಒಲೆಗೂ ಅವನು ಜಾಗ ಕೊಟ್ಟಿದ್ದಾನೆ. ಇಲ್ಲವೇ 1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಬೇಕು. ಮಂಗರಸ ಹುಣಸೂರು ಕಡೆಯ ಕಲ್ಲಹಳ್ಳಿಯ ಪಾಳೆಯಗಾರ. ಷಟ್ಪದಿಯಲ್ಲಿ ಅಡುಗೆ ಬರೆದವನು. ಅವನ ಹಿಟ್ಟಿನ ಅಡುಗೆಗಳಲ್ಲಿ ಮುಚ್ಚಳ ರೊಟ್ಟಿ ಎಂಬುದೊಂದು ಇದೆ. ಎರಡು ತಟ್ಟೆಗಳ ನಡುವೆ ಕಣಕ ಇಟ್ಟು, ಕೆಳಗೂ ಕೆಂಡ, ಮೇಲೂ ಕೆಂಡ. ಓವನ್ ಎಂದರೆ ಇಷ್ಟೇ ತಾನೇ? ಐನೂರು ವರ್ಷದ ಹಿಂದೆ ಒಬ್ಬ ಪಾಳೆಯಗಾರನಿಗೆ ತಿಳಿದಿದ್ದುದು ನಮ್ಮ ಅಡುಗೆಕಟ್ಟೆಯಿಂದ ಯಾವಾಗ ಜಾರಿತು? ಕಟ್ಟಿಗೆ ಒಲೆ ಹೋಯಿತು, ಕೆಂಡ ಹೋಯಿತು. ಗ್ಯಾಸಿನ ನೀಲಿ ಉರಿಯನ್ನು ಚಿಮಟದಲ್ಲಿ ಹಿಡಿದು ಮುಚ್ಚಳದ ಮೇಲೆ ಇಡಲಾಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೇಡಂ ರಸ್ತೆಯ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ನಿಲ್ಲಿಸಲು ಬಿಡುವುದಿಲ್ಲ. ಇಡೀ ಭಾರತಕ್ಕೆ ಕಲ್ಲು ಬೇಕ್ ಮಾಡಿ ಕೊಡುವ ಸೀಮೆ ನಮ್ಮದು! ಶಹಾಬಾದದಲ್ಲಿ ನಿಜಾಮನ ಕಾಲಕ್ಕೇ ಸಿಮೆಂಟು ಶುರುವಾಗಿತ್ತು. ವಾಡಿಯ ಎಸಿಸಿ 1968ರಿಂದ ಇದೆ, ಆಮೇಲೆ ಮಳಖೇಡ, ಆಮೇಲೆ ಸೇಡಂ. ಸುಣ್ಣಕಲ್ಲನ್ನು ಪುಡಿ ಮಾಡಿ, ಸ್ವಲ್ಪ ಓರೆಯಾಗಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆಗೆ ಸುರಿಯುತ್ತಾರೆ. ಕೊಳವೆ ನಿಧಾನ ತಿರುಗುತ್ತದೆ, ಪುಡಿ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಜಾರುತ್ತದೆ. ಕೆಳತುದಿಯಿಂದ ಒಳಗೆ ಊದಿದ ಜ್ವಾಲೆ ಆ ಹಾಸಿಗೆಯ ಮೇಲೇ ಚಾಚಿಕೊಂಡಿರುತ್ತದೆ. ಅಲ್ಲಿಯೂ ಬೆಂಕಿ ಮೇಲಿನದೇ! ಸುಮಾರು 900 ಡಿಗ್ರಿಗೆ ಕಲ್ಲು ತನ್ನ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, 1450ಕ್ಕೆ ಕ್ಲಿಂಕರ್ ಆಗುತ್ತದೆ. ಹಗಲು ರಾತ್ರಿ, ವಾರದ ಏಳೂ ದಿನ. ನನಗೆ ಬೇಕಾದದ್ದು ಇನ್ನೂರು ಡಿಗ್ರಿ, ಇಪ್ಪತ್ತೈದು ನಿಮಿಷ. ಅಷ್ಟು ಬೆಂಕಿಯ ಪಕ್ಕದಲ್ಲಿ ವಾಸ ಮಾಡುತ್ತ ಒಂದು ಡಬರಿಯ ಮೇಲ್ಭಾಗ ಕಂದಾಗಿಸಲು ಪರದಾಡುವುದೆಂದರೆ!

ನಮ್ಮ ಅಡುಗೆಕಟ್ಟೆಗೆ ಹಾಸಿದ ಶಹಾಬಾದಿ ಫರಸಿಯೂ ಅದೇ ಸುಣ್ಣದ ಕುಲದ್ದು. ಟೊಮೆಟೊ ಗೊಜ್ಜು ಒಂದು ಹನಿ ಬಿದ್ದು ಕೂತರೆ ಪಾಲಿಶ್ ಹೋಗಿ ಮಸುಕು ಕಲೆ ಬೀಳುತ್ತದೆ. ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ. ನಾನು ಯಾವ ಯಾವ ದಿನ ಪಾಸ್ತಾ ಮಾಡಿದೆ ಎಂಬುದಕ್ಕೆ ಕಟ್ಟೆಯೇ ದಫ್ತರ.

ಸೇಡಂನ ಕಾರ್ಖಾನೆಗೆ ಜನರ ಬಾಯಲ್ಲಿ ಇವತ್ತಿಗೂ ವಾಸವದತ್ತಾ ಎಂದೇ ಹೆಸರು. ಬಸ್ಸಿನಲ್ಲಿ ಅದರ ಮುಂದೆ ಹಾಯುವಾಗೆಲ್ಲ ನನಗೆ ಭಾಸನ ನಾಟಕ ನೆನಪಾಗುತ್ತದೆ. ಅಲ್ಲಿ ರಾಣಿ ವಾಸವದತ್ತೆ ಲಾವಾಣಕದ ಬೆಂಕಿಯಲ್ಲಿ ಸುಟ್ಟುಹೋದಳೆಂದು ಮಂತ್ರಿ ಯೌಗಂಧರಾಯಣ ಸುದ್ದಿ ಹಬ್ಬಿಸುತ್ತಾನೆ. ಅವಳೇನೂ ಸುಟ್ಟಿರುವುದಿಲ್ಲ, ವೇಷ ಮರೆಸಿಕೊಂಡು ಪದ್ಮಾವತಿಯ ಮನೆಯಲ್ಲಿ ಇರುತ್ತಾಳೆ. ಅದೇ ಪದ್ಮಾವತಿಯೊಂದಿಗೆ ನಡೆಯುವ ತನ್ನ ಗಂಡನ ಎರಡನೆಯ ಮದುವೆಗೆ ತಾನೇ ಹೂಮಾಲೆ ಕಟ್ಟುತ್ತಾಳೆ. ನಾಟಕದಲ್ಲಿ ಎಲ್ಲರೂ ಅತ್ತರೂ ಬೆಂಕಿಯೊಳಗೆ ಯಾರೂ ಇರಲಿಲ್ಲ. ಅದೇ ಹೆಸರಿನ ಕಾರ್ಖಾನೆಯಲ್ಲಿ ನೋಡಿ, ಬೆಂಕಿ ಒಂದು ಗಳಿಗೆಯೂ ಆರುವುದಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ಹೊತ್ತ ಹೆಂಗಸು ಹೂ ಕಟ್ಟುವಾಗ ಕೈ ನಡುಗಲಿಲ್ಲವೇ ಎಂದು ಹೈಸ್ಕೂಲಿನಲ್ಲಿ ಸಂಸ್ಕೃತ ಮಾಸ್ತರರನ್ನು ಕೇಳಿದ್ದೆ. "ಪರೀಕ್ಷಾಕ್ಕ ಬರೂದಿಲ್ಲ, ಕೂಡು" ಎಂದಿದ್ದರು.

ಪಾಸ್ತಾಕ್ಕೆ ಬರೋಣ. ಕಂದಾಗಿಸುವ ಉಪಾಯ ಕೊನೆಗೆ ಅತ್ತೆಯದೇ. ರೊಟ್ಟಿಯ ಕಬ್ಬಿಣದ ಹಂಚನ್ನು ಪಕ್ಕದ ಒಲೆಯಲ್ಲಿ ಹೊಗೆಯಾಡುವ ತನಕ ಕಾಸಿ, ಕುಕ್ಕರಿನಿಂದ ತೆಗೆದ ಡಬರಿಯ ಬಾಯಿಗೆ ಬೋರಲು ಕವುಚುವುದು. ಚೀಸಿಗೂ ಹಂಚಿಗೂ ನಡುವೆ ಒಂದು ಬೆರಳು ಸಂದು. ಚರ್ ಎಂಬ ಸದ್ದು, ಬೆಣ್ಣೆ ಹತ್ತಿದ ವಾಸನೆ. ಎರಡು ಸಲ ಹಂಚು ಬದಲಿಸಿದರೆ ನಡುವೆ ಜಿಂಕೆಬಣ್ಣ, ಅಂಚಿಗೆ ಆ ಕುಖ್ಯಾತ ಪಟ್ಟಿ. ಮಂಗರಸನ ಕೆಂಡಕ್ಕೆ ಅತ್ತೆಯ ಹಂಚು. ಹಂಚು ಕವುಚುವ ಹೊತ್ತಿಗೆ ಅವರೇ ಇಕ್ಕಳ ಹಿಡಿಯುತ್ತಾರೆ, ನಮ್ಮ ಕೈಗೆ ಕೊಡುವುದಿಲ್ಲ. ತಿನ್ನುವುದು ಮಾತ್ರ ಎರಡು ಚಮಚ, ಮೇಲೆ ಶೇಂಗಾಹಿಂಡಿ ಉದುರಿಸಿಕೊಂಡು. ಹೇಳಬಾರದು, ಆದರೆ ಹಿಂಡಿ ಅದಕ್ಕೆ ಬಹಳ ಒಪ್ಪುತ್ತದೆ.

ಮೇಲಿನ ಬೆಂಕಿ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ಮುಲ್ಲಾಮಾರಿ ಹೊಳೆಯ ಸೇತುವೆ ದಾಟಿ ಚಂದಾಪುರದಿಂದ ಚಿಂಚೋಳಿಗೆ ನಡೆದು ನೋಡಿ, ನೆತ್ತಿಯೇ ಹೇಳುತ್ತದೆ. 43, 44 ಡಿಗ್ರಿಯ ಆ ಬೆಂಕಿಯನ್ನು ನಮ್ಮ ಹೆಂಗಸರು ಪುಕ್ಕಟೆ ಬಿಟ್ಟವರಲ್ಲ. ಹಪ್ಪಳ, ಸಂಡಿಗೆ, ಅರಳಿನ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಶಾವಿಗೆ. ಮಾಳಿಗೆಯ ಮೇಲೆ ಹೊರಸು ಅಡ್ಡ ಹಾಕಿ, ಬಿಳಿ ಧೋತ್ರ ಹಾಸಿ, ಕಾಗೆ ಕಾಯಲು ಒಂದು ಮಗುವನ್ನು ಕೂರಿಸಿ, ಇಡೀ ಓಣಿ ಒಣಗಿಸುತ್ತದೆ. ಹಿಟ್ಟು ನಾದಿ, ಆಕಾರ ಕೊಟ್ಟು, ಒಣಗಿಸಿ, ಬೇಕಾದಾಗ ಕುದಿಸಿ ತಿನ್ನುವುದು. ಪಾಸ್ತಾ ಎನ್ನುವುದೂ ಅಷ್ಟೇ. ಉತ್ತರ ಕರ್ನಾಟಕದ ಹಳಬರು ಶಾವಿಗೆಗೆ ಖಪ್ಲಿ ಗೋಧಿಯ ರವೆಯೇ ಆಗಬೇಕೆನ್ನುತ್ತಿದ್ದರು. ಇಟಲಿಯವರು ಫಾರ್ರೋ ಎಂದು ಬೆಳೆದು ತಿನ್ನುವುದೂ ಅದೇ ಜಾತಿಯನ್ನು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಗಿಡ್ಡ ತಳಿಗಳನ್ನೂ ಹೊರತಂದಿದೆ.

ಇನ್ನು ಮದುವೆಯ ಪಾಯಸಗಳಿಗೆ ಬಂದರೆ ಇಟಲಿಯವರು ಕೂತು ಕಲಿಯಬೇಕು. ಗವಲಿ, ಸೌತಿಬೀಜ, ಬಟ್ಟಿವಿ, ಎಲ್ಲ ಬೆರಳ ತುದಿಯಲ್ಲೇ ಹೊಸೆದವು. ಓರ್ಜೋ ಎಂದು ಸಾವಿರಾರು ಮೈಲಿಯಿಂದ ಡಬ್ಬಿಯಲ್ಲಿ ಬರುವುದನ್ನು ಅತ್ತೆಯ ಮುಂದೆ ಸುರಿದರೆ ಸೌತಿಬೀಜ ಸ್ವಲ್ಪ ದಪ್ಪ ಆಯಿತು ಎನ್ನುತ್ತಾರೆ. ಮೆಂತ್ಯದ ಕಡಬಿಗೆ ಹೆಬ್ಬೆರಳಿಂದ ಒತ್ತುವ ಗುಳಿ, ಇಟಲಿಯ ಓರೆಕಿಯೆತ್ತೆ ಪಾಸ್ತಾದ ಗುಳಿ ಎರಡೂ ಒಂದೇ. ಬಳ್ಳೊಳ್ಳಿ ಒಗ್ಗರಣೆ ಹಿಡಿದು ನಿಲ್ಲಲು ಬೇಕಾದಷ್ಟು.

ಇವತ್ತು ಡಬರಿ ತಿಕ್ಕುತ್ತ ಇದನ್ನೆಲ್ಲ ಮಗಳಿಗೆ ಹೇಳಿದ್ದೇ ಹೇಳಿದ್ದು, ಅವಳು ಒಂದೇ ಮಾತಿನಲ್ಲಿ ಮುಗಿಸಿದಳು, "ಹಂಗಿದ್ರ ಆಯಿ ಇಟ್ಟಿರೋ ಗವಲಿನೇ ಚೀಸ್ ಹಾಕಿ ಬೇಕ್ ಮಾಡೂಣ." ಅತ್ತೆ ಒಳಕೋಣೆಯಿಂದ ಎದ್ದು ಬಂದರು. "ಮದವಿ ಗವಲಿ ಅದು. ಹಾಲು ಬೆಲ್ಲ ಬಿಟ್ಟು ಏನರ ಮುಟ್ಟಿಸಿದ್ರ ನೋಡು ಮತ್ತ!" ಆದರೆ ಯಾವ ಮದುವೆಯದು? ಡಬ್ಬಿ ಇಳಿಸಿದೆವು. ಸೇಡಂನ ಬೀಗರ ಕಡೆಯಿಂದ ಬಂದದ್ದು ಎಂದು ಗಂಡ, ಅಲ್ಲ ತಾಂಡೂರಿನ ತಂಗಿಯ ಮಗಳ ಮದುವೆಯದು ಎಂದು ಅತ್ತೆ. ತಾಂಡೂರಿನದಾದರೆ ಮುಯ್ಯಿ ಮುಟ್ಟಿದೆ, ಆಹೇರಿ ಪತ್ತಲ ಕೊಟ್ಟದ್ದು ಅತ್ತೆಗೆ ಬಣ್ಣದ ಸಮೇತ ನೆನಪಿದೆ. ಸೇಡಂದಾದರೆ ನಾವೇ ಬಾಕಿ, ಅವರ ಕಿರಿಮಗನ ಮದುವೆ ಬರುವ ವೈಶಾಖಕ್ಕೇ ಇದೆ. ಈಗ ಡಬ್ಬಿಯ ತಳದಲ್ಲಿ ಯಾರ ಹೆಸರು ಕೊರೆದಿದೆ ಎಂದು ನೋಡಲು ಅತ್ತೆ ನನ್ನ ಕನ್ನಡಕ ಕೇಳುತ್ತಿದ್ದಾರೆ.